ಗಾಜಿನ ಮೇಲಿನ ಊರುಗಳು

ಹಿಂಬದಿಯ ಹಲಗೆಯ ಕೊನೆಯ ತಿರುಪು ಕೈಗೆ ಬಂದಾಗ ಪೆಟ್ಟಿಗೆಯೊಳಗಿನಿಂದ ಹೊರಟ ವಾಸನೆ ಮಾವನ ಹಳೆಯ ಕೋಟಿನದೇ ಎಂದು ಅವನಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಕಾದು ಆರಿದ ಅರಗು, ಧೂಳು, ಇಲಿ ಕಡಿದ ಬಟ್ಟೆ: ಯಾವ ಹಳೆಯ ರೇಡಿಯೋದ ಹೊಟ್ಟೆ ಬಗೆದರೂ ಇರುವುದು ಇಷ್ಟೇ. ಸೊಂಟದೆತ್ತರದ, ಮೇಲ್ಮುಚ್ಚಳ ಎತ್ತಿದರೆ ಗ್ರಾಮಫೋನಿನ ತಟ್ಟೆ ಕಾಣುವ, ಮುಂದೆ ಡಯಲಿನ ಉದ್ದನೆಯ ಗಾಜೂ ಅದರ ಕೆಳಗೆ ಸ್ಪೀಕರಿನ ಮಾಸಿದ ಬಟ್ಟೆಯೂ ಇರುವ ಆ ರೇಡಿಯೋಗ್ರಾಂ, ಮಾವನ ಜೊತೆಯಲ್ಲಿಯೇ ಈ ಮನೆಗೆ ಬಂದು, ಮಾವನಿಗಿಂತ ಮೊದಲೇ ಮಾತು ಕಳೆದುಕೊಂಡು, ಹಜಾರದ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಿತ್ತು. ಈಗ ಆ ಬೆನ್ನನ್ನು ತನ್ನ ಕಡೆಗೆ ತಿರುಗಿಸಿಕೊಂಡು ಕೈದೀಪ ಹಿಡಿದು ನೆಲದ ಮೇಲೆ ಕುಳಿತವನಿಗೆ, ಪಕ್ಕದ ಕೋಣೆಯಿಂದ ಮಾವನ ಉಸಿರು ಮೊಂಡು ಗರಗಸದಂತೆ ಎಳೆಯುವುದು ಕೇಳುತ್ತಿತ್ತು. ಮೈಯ ಬಲಭಾಗ ಬಿದ್ದುಹೋಗಿತ್ತು, ನಾಲಗೆ ಬಿದ್ದುಹೋಗಿತ್ತು. ಆ ನಿವೃತ್ತ ಪೋಸ್ಟ್‌ಮಾಸ್ತರರಲ್ಲಿ ಉಳಿದದ್ದು ಎಡಗೈ, ಕಣ್ಣು, ಕಿವಿ. "ಅಪ್ಪ ಕಣ್ಣು ಮುಚ್ಚೋದ್ರೊಳಗೆ ಅದು ಒಂದ್ಸಲ ಹಾಡಲಿ ರೀ," ಎಂದು ಹೆಂಡತಿ, ಅಪ್ಪನ ಮೈ ಒರೆಸಿದ ಬಟ್ಟೆಯನ್ನು ಹಿಂಡುತ್ತ ಹೇಳಿದ್ದಳು. "ನೀವು ಮನಸ್ಸು ಮಾಡಿದ್ರೆ ಆಗುತ್ತೆ."

ಮನಸ್ಸು ಮಾಡಿದರೆ. ಬೆರಳಿಗೆ ಹೊಕ್ಕ ಸಿಬಿರಿನಂತೆ ಆ ಮಾತು ಒಳಗೇ ಉಳಿಯಿತು. ನಿವೃತ್ತನಾದ ಮೇಲೆ ಅವನು ಬೀದಿಯವರ ಎಷ್ಟೋ ಹಳೆಯ ರೇಡಿಯೋಗಳನ್ನು ಬಾಯಿಬಿಡಿಸಿದ್ದನಲ್ಲ. ಹಜಾರದಲ್ಲಿದ್ದುದನ್ನು ಮಾತ್ರ ಯಾಕೆ ಮುಟ್ಟಲಿಲ್ಲ ಎಂದು ಅವಳು ಕೇಳದೆ ಕೇಳಿದ್ದಳು. ಉತ್ತರ ಅವನಿಗೆ ಗೊತ್ತಿತ್ತು. ಆದರೆ ಅದು ಇಷ್ಟು ವಯಸ್ಸಾದ ಗಂಡಸು ಬಾಯಿಬಿಟ್ಟು ಹೇಳಬಹುದಾದಂಥದ್ದಾಗಿರಲಿಲ್ಲ. ಮದುವೆಯಾದ ಹೊಸತು. ಮಾವನ ಮನೆಯಲ್ಲಿ ಊಟ ಮುಗಿಸಿ ಕೈತೊಳೆದು ಹಜಾರಕ್ಕೆ ಬಂದಿದ್ದ. ವಾರ್ತೆ ಕೇಳುವುದಕ್ಕೆ ಬೀದಿಯ ಹಿರಿಯರು ಕುರ್ಚಿ ತುಂಬಿದ್ದರು. ದೀಪ ಹತ್ತಿ ಹಳದಿಯಾಗಿ ಹೊಳೆಯುತ್ತಿದ್ದ ಆ ಗಾಜಿನ ಮೇಲೆ ಸಾಲುಸಾಲಾಗಿ ದೂರದ ಊರುಗಳ ಹೆಸರು ನಿಂತಿದ್ದವು. ಒಂದರ ಕಡೆಗೆ ಬೆರಳು ಚಾಚಿದ್ದ, ಅಷ್ಟೆ. "ಅಳಿಯಂದಿರೇ," ಎಂದಿದ್ದರು ಮಾವ, ಅಂಚೆ ಕಚೇರಿಯ ಗವಾಕ್ಷಿಯಿಂದ ಮಾತಾಡುವ ದನಿಯಲ್ಲಿ, "ಮೊದಲು ಕೈ ಒರೆಸಿಕೊಂಡು ಬನ್ನಿ." ಕುಳಿತವರು ನಕ್ಕರು. ಅವನೂ ನಕ್ಕ. ಒಳಗೆ ಹೋಗಿ, ಒದ್ದೆಯೇ ಅಲ್ಲವೇನೋ ಎಂಬಂತಿದ್ದ ಕೈಯನ್ನು ಪಂಚೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡ. ತಿರುಗಿ ಹಜಾರಕ್ಕೆ ಬರಲಿಲ್ಲ. ಅಂದಿನಿಂದ ಆ ಗಾಜಿನ ಕಡೆಗೆ ಅವನು ಕಣ್ಣೆತ್ತಿ ನೋಡಿದ್ದೂ ಇಲ್ಲ. ಬಂದವರಿಗೆಲ್ಲ ಮಾವ ತಾವೇ ಧೂಳೊರೆಸುತ್ತ, ಒಣ ಕುಂಚವನ್ನು ಗಾಜಿನ ಮೇಲೆ ಹಸುಗೂಸಿನ ಹಣೆ ಸವರಿದಂತೆ ಸವರುತ್ತ, ಅದು ಹಡಗಿನಲ್ಲಿ ಬಂದ ಕಥೆಯನ್ನು ಹೇಳುವರು: ವರ್ಗವಾಗಿ ಹೋದ ದೊಡ್ಡ ಅಧಿಕಾರಿಯೊಬ್ಬರು ಮೆಚ್ಚಿ ಕಳಿಸಿಕೊಟ್ಟದ್ದು, ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಬಂದದ್ದು. "ಇದರ ಜೊತೆಯದು ಈ ಊರಲ್ಲಿ ಇನ್ನೊಂದಿಲ್ಲ." ಹಾಗೆ ಹೇಳುವಾಗಲೆಲ್ಲ ಮಾವನ ಕಣ್ಣು ಯಾಕೋ ತಪ್ಪದೆ ಅಳಿಯನ ಕಡೆಗೆ ಬಂದು ಹೋಗುವುದು. ಕೇಳಿಸಿತೇ, ಎಂದು ಕೇಳುವಂತೆ. ಅದನ್ನೂ ಅವನು ಮರೆತಿರಲಿಲ್ಲ.

ಕೈದೀಪವನ್ನು, ವಾಲ್ವು ತಂತಿಗಳನ್ನೆಲ್ಲ ಹೊತ್ತ ತಗಡಿನ ಚಾಸಿಯ ಮೇಲೆ ಆಡಿಸಿದ. ಆಡಿಸಿದವನು ನಿಲ್ಲಿಸಿದ. ಒಂದು ವಾಲ್ವಿನ ಪಕ್ಕದಲ್ಲಿ ಯಾವುದಕ್ಕೂ ಬೇಡವಾದ ದೊಡ್ಡ ತೂತೊಂದು ಬಾಯಿ ತೆರೆದುಕೊಂಡಿತ್ತು. ಅಲ್ಲಿ ಹಿಂದೆ ಬೇರೆ ಯಾವುದೋ ಕೂತಿದ್ದಿರಬೇಕು. ಟ್ರಾನ್ಸ್‌ಫಾರ್ಮರಿನ ಬುಡದ ತೂತುಗಳು ಯಂತ್ರ ಕೊರೆದವಲ್ಲ, ಕೈಯಿಂದ ಕೊರೆದು ಅರ ಹಾಕಿದವು. ಎದ್ದು ಮುಂದಕ್ಕೆ ಬಂದು, ವಿದೇಶದ ಕಂಪನಿಯ ಹೆಸರಿದ್ದ ಹಿತ್ತಾಳೆಯ ಬಿಲ್ಲೆಯನ್ನು ಉಗುರಿನಿಂದ ಮೀಟಿ ನೋಡಿದ; ಅದನ್ನು ಹಿಡಿದಿದ್ದದ್ದು ಎರಡು ಚಪ್ಪಲಿ ಮೊಳೆ. ಕಾರ್ಖಾನೆಯವರು ಹೀಗೆ ಬಡಿಯುವುದಿಲ್ಲ. ಅಳತೆಯ ಉಪಕರಣ ಮಾಡುವ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಬಾಳೆಲ್ಲ ಕಳೆದವನು ಅವನು. ಕೂದಲೆಳೆಯ ಕುಂದನ್ನು ಕೂಡ ಬಿಡದೆ 'ತಿರಸ್ಕೃತ' ಎಂದು ಕೆಂಪು ಮೊಹರು ಒತ್ತಿ ಒತ್ತಿ, ಕೊನೆಗೆ ಕಾರ್ಖಾನೆಯವರು ಅವನನ್ನೇ ಕೆಂಪು ಮೊಹರು ಎಂದು ಕರೆದಿದ್ದರು. "ಕೆಂಪು ಮೊಹರು ಹೆಣ್ಣನ್ನ ಹೇಗಪ್ಪಾ ಪಾಸ್ ಮಾಡ್ತು?" ಎಂದು ಮದುವೆಯ ವಾರದಲ್ಲಿ ಯಾರೋ ಕೂಗಿದ್ದು ಊಟದ ಕೊಠಡಿಗೆಲ್ಲ ಕೇಳಿಸಿತ್ತು. ತಾವು ಮಾಡಿದ ವಸ್ತುವನ್ನು ತಂದು ಅವನ ಮೇಜಿನ ಮೇಲಿಟ್ಟು ನಿಲ್ಲುತ್ತಿದ್ದವರು, ಅವನು ಭೂತಗನ್ನಡಿ ಎತ್ತಿಕೊಂಡ ಕೂಡಲೇ ಅಂಗೈಯನ್ನು ಷರಾಯಿಗೆ ತಿಕ್ಕಿಕೊಳ್ಳಲಾರಂಭಿಸುತ್ತಿದ್ದರು. ಬೆವರು ಬರುತ್ತಿದ್ದಿರಬೇಕು. ಅವನು ಮುಖ ನೋಡುತ್ತಿರಲಿಲ್ಲ, ಆ ಕೈಗಳನ್ನು ನೋಡುತ್ತಿದ್ದ.

ಮರುದಿನ ಚಾಸಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಳೆ ಸಾಮಾನಿನ ಬೀದಿಗೆ ಹೋದ. ಅಲ್ಲಿ ರೇಡಿಯೋದ ಬಿಡಿಭಾಗ ಮಾರುವವನ ದನಿ ಹರಿದ ಸ್ಪೀಕರಿನಂತಿದ್ದುದರಿಂದ ಅವನನ್ನು ಎಲ್ಲರೂ ಗೊಗ್ಗರ ಎನ್ನುತ್ತಿದ್ದರು; ಅವನೂ ಆ ಹೆಸರಿಗೇ ಓಗೊಡುತ್ತಿದ್ದ.

"ಬನ್ನಿ ಸಾರ್. ಇವತ್ತು ಯಾರ ಹೆಣ ಹೊತ್ಕೊಂಡು ಬಂದ್ರಿ?"

"ಹೆಣ ಅಲ್ಲ, ಇನ್ನೂ ಜೀವ ಇದೆ. ಇದು ಯಾವ ಕಂಪನೀದು, ಯಾವ ಕಾಲದ್ದು ಅಂತ ಗೊತ್ತಾಗಬೇಕು. ತಟ್ಟೆ ತಿರುಗಿಸೋ ರಬ್ಬರ್ ಗಾಲಿ, ಮುಳ್ಳು, ವಾಲ್ವು, ಎಲ್ಲಾ ಅದಕ್ಕೆ ತಕ್ಕದ್ದೇ ಬೇಕು."

ಗೊಗ್ಗರ ಚಾಸಿಯನ್ನು ಮಗುಚಿ ಹಾಕಿ, ತಂತಿಗಳ ಮೇಲೆ ಬೆರಳಾಡಿಸಿ, ಅಂಗಡಿಯ ಆಳದಿಂದೆದ್ದು ಬಂದಂಥ ಒಂದು ನಗೆ ನಕ್ಕ. "ಸಾರ್, ಇದಕ್ಕೆ ಅಪ್ಪ ಒಬ್ಬನಲ್ಲ."

"ಅಂದ್ರೆ?"

"ಚಾಸಿ ಒಂದು ಮನೇದು, ಟ್ರಾನ್ಸ್‌ಫಾರ್ಮರು ಪಕ್ಕದ ಮನೇದು. ಮೋಟಾರು ಯಾವುದೋ ಕೈಪೆಟ್ಟಿಗೆ ಗ್ರಾಮಫೋನಿಂದ ಕಿತ್ಕೊಂಡು ಬಂದಿರೋದು. ಬಿಲ್ಲೆ ಯಾರದು ಅಂದ್ರಿ?" ಅವನು ಹೇಳಿದ. "ಅವರು ಈ ಥರದ ಪೆಟ್ಟಿಗೇನೇ ಮಾಡಿಲ್ಲವಲ್ಲ. ಕಾಗೆ ಗೂಡಲ್ಲಿ ಕೋಗಿಲೆ ಮೊಟ್ಟೆ ಅಂತ ಕೇಳಿದ್ದೆ. ಇಲ್ಲಿ ಗೂಡೂ ಎರವಲು. ಆದ್ರೆ ಕೂಡಿಸಿದೋನು ಬಲು ಆಸೆಪಟ್ಟು ಕೂಡಿಸಿದ್ದಾನೆ. ನೋಡಿ, ತಂತಿ ಒಂದೊಂದನ್ನೂ ಜಡೆ ಹೆಣೆದಂಗೆ ಹೆಣೆದಿದ್ದಾನೆ."

"ಯಾರೋ ಮೋಸಗಾರ."

"ಮೋಸಗಾರ ಇಷ್ಟು ಕಷ್ಟಪಡಲ್ಲ ಸಾರ್. ಅವನಿಗೆಲ್ಲಿ ಪುರುಸೊತ್ತು?" ಎಂದು ಗೊಗ್ಗರ, ತಗಡಿನ ಡಬ್ಬಿಗಳಲ್ಲಿ ಕೈಯಾಡಿಸಿ ಗಾಲಿ ಹುಡುಕತೊಡಗಿದ.

ಹಿಂದಿರುಗುವಾಗ ಚಾಸಿಯ ಭಾರ ತೋಳಿಗೆ ತಿಳಿಯಲೇ ಇಲ್ಲ. ಗೊಗ್ಗರನ ಕೊನೆಯ ಮಾತು ಕಿವಿಗೆ ಬಿದ್ದಿತ್ತು, ಆದರೆ ಅದನ್ನು ಅವನು ಒಳಗೆ ಕರೆಯಲಿಲ್ಲ. ಹಡಗಂತೆ, ಹುಲ್ಲಂತೆ, ಅಧಿಕಾರಿಯಂತೆ. ಇಷ್ಟು ವರ್ಷ ಆ ಮನುಷ್ಯ, ಲಕೋಟೆಯ ಮೇಲೆ ಒಂದಕ್ಷರ ವಾರೆಯಾದರೂ ಹಿಂದಕ್ಕೆ ನೂಕುತ್ತಿದ್ದ ಪೋಸ್ಟ್‌ಮಾಸ್ತರ, ಹಜಾರದ ನಡುವೆ ಸುಳ್ಳನ್ನು ನಿಲ್ಲಿಸಿಕೊಂಡು ಅದಕ್ಕೆ ದೀಪ ಹಚ್ಚಿ ಕೂತಿದ್ದ. ಸಂತೋಷಕ್ಕೆ ಅವನ ಬಾಯಿ ಒಣಗಿತು. ಈ ಸಂತೋಷ ಮರ್ಯಾದಸ್ಥನದಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದುದರಿಂದ ಅದರ ರುಚಿಯೇನೂ ಕಡಿಮೆಯಾಗಲಿಲ್ಲ. ಹೆಂಡತಿಗೆ ಹೇಳಲೇ ಎಂದು ಎಷ್ಟೋ ಸಲ ಬಾಯಿ ತೆರೆದ. ಅವಳು ಅಪ್ಪನಿಗೆ ಗಂಜಿ ಹುಯ್ಯುತ್ತಿದ್ದಳು, ಗದ್ದಕ್ಕೆ ಇಳಿದದ್ದನ್ನು ಚಮಚದಿಂದ ಮೇಲಕ್ಕೆತ್ತುತ್ತಿದ್ದಳು, ಹೇಳಲಿಲ್ಲ. ಹೇಳಬೇಕಾದದ್ದು ಅವಳಿಗಲ್ಲ ಎಂದೂ ಅನಿಸಿತ್ತು.

ಕೆಲಸ ಮಾತ್ರ ಅವನ ಸಿಟ್ಟಿಗೆ ಸೊಪ್ಪು ಹಾಕದೆ ತನ್ನ ಪಾಡಿಗೆ ತಾನು ನಡೆಯಿತು. ಒಣಗಿ ಸೋರಿದ ಕಂಡೆನ್ಸರುಗಳನ್ನು ಒಂದೊಂದಾಗಿ ಕಿತ್ತು ಹೊಸವನ್ನು ಬೆಸೆದ. ಗಟ್ಟಿಯಾಗಿ ಕಲ್ಲಾಗಿದ್ದ ಎಣ್ಣೆಯನ್ನು ಮೋಟಾರಿನಿಂದ ತೊಳೆದು ತೆಗೆದ. ರಬ್ಬರ್ ಗಾಲಿ ಕೂರಿಸಿದ ಮೇಲೆ ತಟ್ಟೆ ಮೊದಮೊದಲು ನರಳಿ, ಆಮೇಲೆ ನಿಶ್ಶಬ್ದವಾಗಿ ಸುತ್ತಿತು. ಹಿಂದಿನ ಬೆಸುಗೆಗಳ ಮೇಲೆ ತನ್ನ ಬೆಸುಗೆ ಇಡುವಾಗ ಮಾತ್ರ ಒಮ್ಮೊಮ್ಮೆ ಕೈ ತಡೆಯುತ್ತಿತ್ತು. ಆ ಅನಾಮಧೇಯ ಕೈ ಹೆದರುತ್ತ ಕೆಲಸ ಮಾಡಿತ್ತು. ಒಂದು ಸಲ ಸಾಕಾಗುವಲ್ಲಿ ಎರಡು ಸಲ ಬೆಸೆದಿತ್ತು. ಚಾಸಿಯನ್ನು ಪೆಟ್ಟಿಗೆಗೆ ಇಳಿಸುವ ಮುಂಚೆ, ಪೆಟ್ಟಿಗೆಗೇ ಅಂಟಿಕೊಂಡಿದ್ದ ಡಯಲಿನ ಗಾಜನ್ನು ಅವನು ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಭೂತಗನ್ನಡಿಯಲ್ಲಿ ನೋಡಿದ. ಮಬ್ಬು ಕವಿದಿದ್ದರೂ ಅಕ್ಷರಗಳು ಅಚ್ಚಿನಲ್ಲಿ ಒತ್ತಿದಂತಿದ್ದವು. ಸಾಲು ಬಾಗಿರಲಿಲ್ಲ, ಒಂದು ಕೊಂಡಿಯೂ ಮಸಿಯುಂಡು ದಪ್ಪವಾಗಿರಲಿಲ್ಲ. ಹೆಸರುಗಳನ್ನು ಓದಲಿಲ್ಲ, ಅಕ್ಷರಗಳ ಕುಂದನ್ನು ಹುಡುಕಿದ. ಸಿಗಲಿಲ್ಲ. ಇಡೀ ಪೆಟ್ಟಿಗೆಯಲ್ಲಿ ಕಾರ್ಖಾನೆಯಿಂದ ಬಂದದ್ದು ಇದೊಂದೇ ಎಂದು ಮನಸ್ಸಿನಲ್ಲಿಯೇ ಹಸಿರು ಮೊಹರು ಒತ್ತಿದ. ಕಾರ್ಖಾನೆಯ ಗಾಜಿನಲ್ಲಿ ಅಕ್ಷರ ಒಳಮೈಗೆ ಇರುತ್ತದೆ, ಬೆರಳು ತಾಕಿದರೆ ಪೊರೆಯಂತೆ ಕಳಚಿ ಬರುತ್ತದೆ; ಎಷ್ಟೋ ಜನ ಅವಸರದಲ್ಲಿ ಹಾಗೆ ಕಳೆದುಕೊಂಡದ್ದನ್ನು ಕಂಡಿದ್ದ. ಆದ್ದರಿಂದ ಒಳಮೈಯ ಹತ್ತಿರಕ್ಕೆ ಉಸಿರನ್ನೂ ಬಿಡಲಿಲ್ಲ.

ಆ ದಿನ ಮಧ್ಯಾಹ್ನ ಹೆಂಡತಿ ಔಷಧಿ ತರಲು ಹೋಗಿದ್ದಳು. ಬೆಳಗಿನಿಂದ ಮಾವನ ಉಸಿರು ನಡುನಡುವೆ ನಿಂತು, ಏನನ್ನೋ ಜ್ಞಾಪಿಸಿಕೊಂಡಂತೆ ಮತ್ತೆ ಹೊರಡುತ್ತಿತ್ತು. ಅವನು ಕೋಣೆಯ ಬಾಗಿಲಲ್ಲಿ ನಿಂತ. ಕೋಣೆ ಸುಣ್ಣದ, ಮೂತ್ರದ, ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ ಹೊಡೆಯುತ್ತಿತ್ತು. ಇಂಥ ಮುದುಕನ ಮುಂದೆ ಗೆಲ್ಲುವುದೇನಿದೆ ಎಂದುಕೊಂಡ. ಹಾಗಂದುಕೊಳ್ಳುತ್ತಲೇ ಒಳಕ್ಕೆ ಹೋಗಿ ಸ್ಟೂಲು ಎಳೆದುಕೊಂಡು ಕೂತ.

"ಮಾವ, ನಿಮ್ಮ ಸೆಟ್ಟು ಸಿದ್ಧ ಆಯ್ತು. ಸಂಜೆ ಹಾಡುತ್ತೆ."

ಕಣ್ಣು ಅವನ ಮೇಲೆ ಬಂದು ನಿಂತಿತು.

"ಅದರ ಜನ್ಮಾನೂ ಜಾಲಾಡಿದೆ. ಹಡಗಿನಲ್ಲಿ ಬಂತು ಅಂತಿದ್ರಲ್ಲ, ಆ ಹಡಗು ಯಾವ ಕೆರೇಲಿ ತೇಲ್ತಿತ್ತು ಮಾವ?" ತನ್ನ ದನಿ ತಪಾಸಣೆಯ ಮೇಜಿನ ದನಿಯಾದದ್ದು ಅವನಿಗೇ ಕೇಳಿಸಿತು. "ಚಾಸಿ ಒಂದರದು, ಮೋಟಾರು ಒಂದರದು, ಬಿಲ್ಲೆಗೆ ಚಪ್ಪಲಿ ಮೊಳೆ. ಜೊತೆಯದು ಇನ್ನೊಂದಿಲ್ಲ ಅಂತಿದ್ರಿ. ನಿಜ, ಎಲ್ಲಿಂದ ಬರಬೇಕು? ಅದರಲ್ಲಿ ಅಸಲಿ ಅಂತ ಇರೋದು ಡಯಲಿನ ಗಾಜೊಂದೇ. ಅದು ಮಾತ್ರ ಕಂಪನೀದು, ಒಂದು ಕುಂದಿಲ್ಲ. ಉಳಿದದ್ದೆಲ್ಲ ಗುಜರಿ."

ಮುಖ ಕಂದುತ್ತದೆ ಎಂದು ಅವನು ಕಾದ. ಕಂದಲಿಲ್ಲ. ಜೀವವಿದ್ದ ಎಡ ತುಟಿಯ ತುದಿ ಮೆಲ್ಲಗೆ ಮೇಲಕ್ಕೆದ್ದು ನಡುಗುತ್ತ ನಿಂತಿತು. ಕಣ್ಣಿನಲ್ಲಿ ಒಂದು ಹೊಳಪು ಬಂತು, ಹೊಗಳಿಸಿಕೊಂಡ ಮಗುವಿಗೆ ಬರುವಂಥದ್ದು. ಈಗಲೂ ತನ್ನನ್ನು ನೋಡಿ ನಗುತ್ತಾನಲ್ಲ ಎಂದು ಅವನ ಕಿವಿ ಬಿಸಿಯಾಯಿತು.

"ಇರಲಿ ಬಿಡಿ, ಅದೊಂದನ್ನಾದರೂ ಚೆನ್ನಾಗಿ ಒರೆಸಿ ಇಡ್ತೀನಿ, ಫಳಫಳ ಅನ್ನಲಿ," ಎಂದು ಎದ್ದ.

ನಗು ಹೋಯಿತು. ಎಡಗೈ ಹಾಸಿಗೆಯ ಮೇಲೆ ಅತ್ತಿತ್ತ ಉಜ್ಜತೊಡಗಿತು, ಅಂಗೈ ಕೆಳಗಾಗಿ, ಒಂದೇ ಸಮನೆ. ಗಂಟಲಿನಿಂದ ನೀರಿಲ್ಲದ ನಲ್ಲಿಯ ಸದ್ದು ಬಂತು. ತಲೆ ದಿಂಬಿನ ಮೇಲೆ ಹೊರಳಲು ನೋಡಿ ಸೋತಿತು. ಅವನು ಆ ಕೈಯನ್ನೇ ನೋಡಿದ. ಒರೆಸಿಕೋ, ಎನ್ನುತ್ತಿದೆ. ಕೈ ಒರೆಸಿಕೊಂಡು ಬಾ. ಮಾತು ಬಿದ್ದುಹೋದ ಮೇಲೂ ಈ ಮನುಷ್ಯನಲ್ಲಿ ಆ ಒಂದು ಮಾತು ಉಳಿದುಕೊಂಡಿದೆ.

ಹಜಾರಕ್ಕೆ ಬಂದವನು ಬಟ್ಟಲಿಗೆ ನೀರು ಹುಯ್ದು, ಸಾಬೂನು ಕಲಸಿ, ಬಟ್ಟೆ ಅದ್ದಿ ಗಾಜಿನ ಹೊರಮೈಯನ್ನು ತಿಕ್ಕಿದ. ನೋಡಿಕೊಂಡು ತಿಕ್ಕಲಿಲ್ಲ, ಅವನ ಕಣ್ಣಿನ ಮುಂದೆ ಇದ್ದದ್ದು ಕುರ್ಚಿ ತುಂಬ ನಗುತ್ತಿದ್ದ ಬೀದಿಯ ಹಿರಿಯರು. ಬಟ್ಟೆ ಕಪ್ಪಾಯಿತು. ಎಷ್ಟು ಕಾಲದ ಕೊಳೆ ಎಂದು ಅದನ್ನು ಮಡಿಚಿ ಇನ್ನೊಂದು ಮಗ್ಗುಲಿನಿಂದ ತಿಕ್ಕಿದ, ಅದೂ ಕಪ್ಪಾಯಿತು. ಹೊರಬರುವ ಕೊಳೆ ನೋಡುವುದರಲ್ಲಿ ಒಂದು ಸುಖವಿದೆ, ಅದು ಬಾಳೆಲ್ಲ ಅವನ ಅನ್ನವಾಗಿತ್ತು. ಬೆರಳ ಸಂದಿಯಲ್ಲಿ ಕಪ್ಪುನೀರು ಇಳಿದು ಮಣಿಕಟ್ಟಿಗೆ ಬಂದಾಗ, ಕೊಳೆ ಇಷ್ಟು ತೆಳ್ಳಗೆ ಇರುವುದಿಲ್ಲವಲ್ಲ ಎಂಬ ಯೋಚನೆ ಬಂತು. ಬಟ್ಟೆ ತೆಗೆದು ನೋಡಿದ. ಗಾಜು ಬಹಳ ಶುಭ್ರವಾಗಿತ್ತು. ಅದರ ಎಡತುದಿಯಲ್ಲಿ, ಬಟ್ಟೆ ತಲುಪದ ಮೂಲೆಯಲ್ಲಿ, ಯಾವುದೋ ಊರಿನ ಮೊದಲ ಅಕ್ಷರವೊಂದು ಉಳಿದಿತ್ತು. ಉಗುರು ತಾಕಿಸಿದ. ಅಕ್ಷರ ಹೊರಗಡೆ ಇತ್ತು, ಉಗುರಿಗೆ ಬಂತು.

ಹೆಂಡತಿ ಬಂದದ್ದು ಕೇಳಿಸಲಿಲ್ಲ. ಔಷಧಿಯ ಚೀಲವನ್ನು ಅವಳು ಕುರ್ಚಿಯ ಮೇಲಿಟ್ಟದ್ದು ಕೇಳಿಸಿತು.

"ಏನ್ ಮಾಡಿದ್ರಿ?"

"ಕೊಳೆ ಇತ್ತು. ಒರೆಸಿದೆ."

"ಅದು ಅಪ್ಪ ಬರೆದದ್ದು." ಅವಳು ಕೂಗಲಿಲ್ಲ. ಹತ್ತಿರ ಬಂದು, ಬರಿಯ ಗಾಜಿನ ಮುಂದೆ ಬಗ್ಗಿ, ಸಾಲು ಇದ್ದ ಜಾಗದಲ್ಲಿ ಕಣ್ಣಾಡಿಸಿದಳು. "ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ದೀಪ ಹಿಡ್ಕೊಂಡು ನಿಂತಿದ್ದೆ. ಅಮ್ಮ ಮಸಿಗೆ ಗೋಂದು ಕಲಸಿ ಕೊಡ್ತಿದ್ರು. ಕೈ ನಡುಗಿ ಎಷ್ಟು ಗಾಜು ಕೆಡಿಸಿದ್ರೋ. ಪೆಟ್ಟಿಗೆ, ತಂತಿ, ಎಲ್ಲಾ ಅಪ್ಪಂದೇ. ಕಚೇರಿಯಿಂದ ಬಂದು ಬಾಗಿಲು ಹಾಕ್ಕೊಂಡು ಮಾಡ್ತಿದ್ರು."

"ಹಡಗು ಅಂತಿದ್ರಲ್ಲ."

"ನಿಮಗೆ." ಅವಳು ತಿರುಗಿ ನೋಡಿದಳು. "ನಿಮಗೊಬ್ಬರಿಗೇ ಹಡಗು. ಬಂದೋರಿಗೆ ಹೇಳ್ತಿದ್ದದ್ದೂ ನಿಮ್ಮ ಕಿವಿಗೆ ಬೀಳಲಿ ಅಂತ. ಬರೋ ಅಳಿಯ ತಪಾಸಣೆ ವಿಭಾಗದೋನು, ಕೂದಲು ಸೀಳಿ ನೋಡೋನು ಅಂತ ಗೊತ್ತಾದ ಮೇಲೆ ಕಟ್ಟಿದ ಕಥೆ. ನಾನು ಕೈಯಲ್ಲಿ ಮಾಡಿದ್ದು ಅಂದ್ರೆ ಅವನು ಕುಂದು ಹುಡುಕ್ತಾನೆ ಕಣೇ ಅಂತ ಅಮ್ಮನ ಹತ್ರ ಹೇಳ್ತಿದ್ರು. ಅಮ್ಮ ನಗ್ತಿದ್ರು. ಬೀದಿಯೋರಿಗೂ ಗೊತ್ತಿತ್ತು, ಅವರೂ ನಗ್ತಿದ್ರು, ಅಪ್ಪನ್ನ ನೋಡಿ."

"ಅವತ್ತು ಕೈ ಒರೆಸಿಕೊಂಡು ಬನ್ನಿ ಅಂದದ್ದು..."

"ಒದ್ದೆ ಕೈ ತಾಕಿದ್ರೆ ಹೋಗುತ್ತಲ್ಲ. ಇನ್ನೇನು ಹೇಳಬೇಕಿತ್ತು ಅವರು?"

ಕಾರ್ಖಾನೆಯ ಮೇಜಿನ ಮುಂದೆ ಷರಾಯಿಗೆ ತಿಕ್ಕಿಕೊಳ್ಳುತ್ತಿದ್ದ ಕೈಗಳೆಲ್ಲ ಅವನ ಮುಂದೆ ಬಂದು ನಿಂತವು. ಕೈ ನೋಡಿಯೇ ಮನುಷ್ಯರನ್ನು ತಿಳಿದವನು ತಾನು ಎಂದುಕೊಂಡಿದ್ದ. "ನೀನಾದರೂ ಹೇಳಬಹುದಿತ್ತು," ಎಂದ.

"ಹೇಳಿದ್ರೆ ನೀವೇನು ಅಂತಿದ್ರಿ?"

ತಾನು ಏನು ಅನ್ನುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಕೋಣೆಯಲ್ಲಿ ಅದನ್ನೇ ಅಂದು ಬಂದಿದ್ದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹಾಡುತ್ತಾ?"

"ಹಾಡುತ್ತೆ. ಆದರೆ ಈಗ ಬೇಡ. ನಾನು ಮತ್ತೆ ಬರೀತೀನಿ. ಒಂದೆರಡು ದಿನ ಸಾಕು."

"ಏನಂತ ಬರೀತೀರಿ? ಯಾವ್ಯಾವ ಊರಿತ್ತು ಗೊತ್ತಾ?"

ಅವನು ಓದಿರಲಿಲ್ಲ. ಕುಂದನ್ನು ಹುಡುಕಿದ್ದ, ಹೆಸರನ್ನು ಓದಿರಲಿಲ್ಲ. "ನಿನಗೆ?"

"ನಾಲ್ಕೈದು. ಯಾವುದು ಎಲ್ಲಿತ್ತು ಅನ್ನೋದು ಅಪ್ಪನ ಕೈಗೇ ಗೊತ್ತು." ಕೋಣೆಯಲ್ಲಿ ಉಸಿರು ನಿಂತಿತು, ಇಬ್ಬರೂ ಕಾದರು, ಮತ್ತೆ ಹೊರಟಿತು. "ದಿನ ಎಲ್ಲಿದೆ ರೀ. ಕುರ್ಚಿ ಹಿಡೀರಿ."

ಅವರು ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ದಿಂಬು ಒತ್ತಾಗಿಟ್ಟು, ಹಜಾರಕ್ಕೆ ಎತ್ತಿ ತಂದರು. ಇಷ್ಟು ಹಗುರವಾಗಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಗುಂಡಿ ತಿರುಗಿಸಿದ. ವಾಲ್ವುಗಳು ಕಾದವು, ಗಾಜಿನ ಹಿಂದೆ ದೀಪ ಹತ್ತಿತು, ಹೆಂಗಸೊಬ್ಬಳ ದನಿ ಕೊಠಡಿಯಲ್ಲಿಯೇ ಕೂತು ಹಾಡಿದಂತೆ, ಒಂದು ಕರಕರವೂ ಇಲ್ಲದೆ, ತುಂಬಿ ಬಂತು. ಅವನ ಕೈಯಿಂದ ಇದಕ್ಕಿಂತ ಚೆನ್ನಾದ ಕೆಲಸ ಯಾವತ್ತೂ ಆಗಿರಲಿಲ್ಲ. ಉದ್ದನೆಯ ಹಳದಿ ಬಯಲಿನಲ್ಲಿ ಕೆಂಪು ಮುಳ್ಳೊಂದು ಯಾವ ಊರಿನ ಮೇಲೂ ಅಲ್ಲದೆ ನಿಂತಿತ್ತು.

"ಅಪ್ಪಾ, ನೋಡಿ. ನಿಮ್ಮ ರೇಡಿಯೋ."

ಮಾವ ನೋಡಿದರು. ಕಣ್ಣು ಗಾಜಿನ ಎಡತುದಿಯಿಂದ ಹೊರಟು, ಓದುವವರ ಹಾಗೆ ಅಲ್ಲಲ್ಲಿ ತಡೆಯುತ್ತ, ಬಲತುದಿಯವರೆಗೆ ಹೋಯಿತು. ಮತ್ತೆ ಎಡಕ್ಕೆ ಬಂದು ಇನ್ನೊಮ್ಮೆ ಹೋಯಿತು. ಆ ಮುಖದಲ್ಲಿ ಸಿಟ್ಟಿಗಾಗಿ ಅವನು ಹುಡುಕಿದ, ಸಿಟ್ಟಾದರೂ ಸಿಕ್ಕಲಿ ಎಂದು. ಸಿಕ್ಕಲಿಲ್ಲ. ವಿಳಾಸ ತಪ್ಪಿ ಬಂದ ಲಕೋಟೆಯನ್ನು ಗವಾಕ್ಷಿಯಲ್ಲಿ ತಂದಿಟ್ಟವನನ್ನು ನೋಡುವಂಥ ಕಚೇರಿಯ ಸೌಜನ್ಯವೊಂದು ಅಲ್ಲಿ ಮೂಡಿತು. ಇದು ನಮ್ಮದಲ್ಲ, ತಮಗೆ ತೊಂದರೆಯಾಯಿತು, ಎಂಬಂತೆ. ಆಮೇಲೆ ಕಣ್ಣು ಮೆಲ್ಲಗೆ ತಿರುಗಿ ಬೀದಿಯ ಬಾಗಿಲಿನ ಮೇಲೆ ಹೋಗಿ ನಿಂತಿತು. ತಮ್ಮದನ್ನು ಇನ್ನೂ ತರಬೇಕಾಗಿದೆ ಎಂದು ಕಾಯುವವರಂತೆ, ಹಾಡು ನಡೆಯುತ್ತಿದ್ದಷ್ಟು ಹೊತ್ತೂ, ಮುಗಿದ ಮೇಲೂ, ಅವರು ಬಾಗಿಲನ್ನೇ ನೋಡುತ್ತಿದ್ದರು. ಮಗಳು "ಅಪ್ಪಾ, ಇಲ್ಲಿ" ಎಂದು ಗದ್ದ ಹಿಡಿದು ತಿರುಗಿಸಿದಳು. ಬಿಟ್ಟ ಕೂಡಲೇ ಮುಖ ಬಾಗಿಲಿಗೇ ಮರಳಿತು. ಮತ್ತೆ ಅವಳು ತಿರುಗಿಸಲಿಲ್ಲ.

ಅವನು ಮುಂದಕ್ಕೆ ಬಂದು ಮಾವನ ಎಡಗೈಯನ್ನು ಹಿಡಿಯಲು ಕೈಚಾಚಿದ. ಅವನ ಬೆರಳುಗಳು ಮಣಿಕಟ್ಟಿನವರೆಗೆ ಕಪ್ಪಾಗಿ, ಇನ್ನೂ ತೇವವಾಗಿದ್ದವು. ಹೆಂಡತಿ ನಡುವೆ ಬಂದಳು. ಅಪ್ಪನ ಮಡಿಲಲ್ಲಿದ್ದ ಒಣ ಟವೆಲನ್ನು ತೆಗೆದು ಅವನ ಮುಂದೆ ಹಿಡಿದು, ಯಾವ ದ್ವೇಷವೂ ಇಲ್ಲದ ದನಿಯಲ್ಲಿ, "ಮೊದಲು ಕೈ ಒರೆಸಿಕೊಳ್ಳಿ," ಎಂದಳು.